ನನ್ನ ಮಗಳ ಆಯ್ಕೆಯನ್ನು ರದ್ದು ಮಾಡಿ

ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮಗಳು ಪ್ರಣೀತಾಳನ್ನು ನಿಮ್ಮ ಸಮಿತಿ ಸರಕಾರಿ ಕ್ರೀಡಾ ವಸತಿ ತರಬೇತಿಗೆ ಆಯ್ಕೆ ಮಾಡಿದೆ. ಹೈ ಜಂಪ್ ವಿಭಾಗದಲ್ಲಿ ಹುಡುಗಿಯರಿಗೆ ನಮ್ಮ ಭಾಗದಿಂದ ಇದ್ದದ್ದು ಒಂದೇ ಸ್ಥಾನ. ಅದು ಅವಳಿಗೆ ಸಿಕ್ಕಿದೆ. ಅದರ ವಿರುದ್ಧ ದೂರು ಹೇಳುವುದಕ್ಕಾಗಿ ಈ ಪತ್ರ. ಮಕ್ಕಳಿಗೆ ಸಿಗಲಿಲ್ಲವೆಂದು ಗೋಳಾಡುವ ತಂದೆತಾಯಿಯರನ್ನು ನೀವು ಬೇಕಾದಷ್ಟು ಕಂಡಿದ್ದೀರಿ, ಅವರನ್ನು ಹೇಗೆ ಸಾಗಹಾಕಬೇಕೆಂದು ನಿಮ್ಮ ಕಚೇರಿಗೆ ಚೆನ್ನಾಗಿ ಗೊತ್ತು. ಸಿಕ್ಕಿತೆಂದು ಗೋಳಾಡುವವನೊಬ್ಬ ಎದುರು ಬಂದು ಕೂತಾಗ ಮಾತ್ರ ಏನು ಮಾಡಬೇಕೆಂದು ನಿಮಗೆ ತಿಳಿಯಲಿಲ್ಲ. ನನಗೆ ಚಹಾ ತರಿಸಿದಿರಿ, ಬೆನ್ನು ತಟ್ಟಿದಿರಿ, ಮನೆಗೆ ಹೋಗಿ ಮಗಳಿಗೆ ಸಿಹಿ ತಿನ್ನಿಸಿ ಎಂದಿರಿ. ಬೆನ್ನು ತಟ್ಟಿಸಿಕೊಂಡು ಬಂದವನಿಗೆ ಅಂದಿನಿಂದ ನೆಟ್ಟಗೆ ನಿಲ್ಲಲು ಆಗುತ್ತಿಲ್ಲ. ಹಾಗಾಗಿ, ಮುಚ್ಚಿದ ಕೋಣೆಯಲ್ಲಿ ಹೇಳಿದ್ದನ್ನು ಈಗ ಪತ್ರಿಕೆಯ ಮೂಲಕ ಎಲ್ಲರೆದುರು ಹೇಳುತ್ತಿದ್ದೇನೆ.

ಪತ್ರ ಕನ್ನಡದಲ್ಲೇಕೆ ಎಂದು ನಿಮ್ಮ ಸಮಿತಿಯ ಉಳಿದ ಸದಸ್ಯರು ಕೇಳಬಹುದು. ಅವರಿಗೆ ನೀವೇ ಓದಿ ಹೇಳಿ. ಥಾಣೆ ಸ್ಟೇಷನ್ನಿನ ಹತ್ತಿರವಿರುವ ನನ್ನ ಹೋಟೆಲಿಗೆ ನೀವು ಮೊದಲ ಸಲ ಬಂದಾಗ, ನಾನು ಹಣ ತೆಗೆದುಕೊಳ್ಳುವ ಗಲ್ಲೆಯಿಂದ ಅಡುಗೆಯವನಿಗೆ ಕನ್ನಡದಲ್ಲಿ ಏನೋ ಕೂಗಿದ್ದು ನಿಮ್ಮ ಕಿವಿಗೆ ಬಿತ್ತು. "ಅರೇ, ನಮ್ಮವರು!" ಎಂದು ಅರ್ಧ ನೀರುದೋಸೆ ಬಿಟ್ಟು ಎದ್ದು ಬಂದು ನನ್ನ ಕೈ ಹಿಡಿದುಕೊಂಡಿರಿ. ನನಗೂ ಖುಷಿಯಾಯಿತು. ಉಡುಪಿ ಕಡೆಯಿಂದ ಹುಡುಗನಾಗಿದ್ದಾಗ ಬಂದು ಈ ಊರಿನಲ್ಲೇ ತಲೆ ನೆರೆಸಿಕೊಂಡವನು ನಾನು. ಒಬ್ಬ ದೊಡ್ಡ ಅಧಿಕಾರಿ ನನ್ನ ಭಾಷೆಯಲ್ಲಿ ಮಾತನಾಡಿದರೆ ಅದನ್ನು ರಾತ್ರಿ ಹೆಂಡತಿಗೆ ಹೇಳದೆ ಇರಲು ನನ್ನಿಂದ ಸಾಧ್ಯವಿಲ್ಲ. ಆಮೇಲೆ ನೀವು ವಾರಕ್ಕೊಮ್ಮೆಯಾದರೂ ಬರುತ್ತಿದ್ದಿರಿ. ಮಗಳ ಹೈ ಜಂಪ್ ಹುಚ್ಚಿನ ಬಗ್ಗೆ ನಾನು ಹೇಳಿದ್ದೆ. ಅವಳಿಗೇನಾದರೂ ಮಾಡಿಕೊಡಿ ಎಂದು ಮಾತ್ರ ಒಂದು ದಿನವೂ ಕೇಳಿರಲಿಲ್ಲ. ಕೇಳದೆಯೇ ಕೊಡುವ ನಿಮ್ಮ ದೊಡ್ಡ ಮನಸ್ಸು ನನಗೆ ಗೊತ್ತಿರಲಿಲ್ಲ.

ಈಗ ಇನ್ನೊಬ್ಬ ಹುಡುಗಿಯ ವಿಷಯ. ಅವಳ ಹೆಸರು ಅನಸೂಯಾ. ಥಾಣೆಯ ಪಕ್ಕದ ಕಳವಾ ಎಂಬಲ್ಲಿ ರೈಲ್ವೆ ಕಾರ್‌ಶೆಡ್ಡಿನ ಹಿಂದಿನ ಚಾಳಿನಲ್ಲಿ ಅವರ ಮನೆ. ತಂದೆ ಜಟ್ಟೆಪ್ಪ ವಿಜಯಪುರ ಜಿಲ್ಲೆಯವರು, ಲಾರಿಗಳಿಗೆ ಮಾಲು ಹೇರುವ ಕೆಲಸ. ತಾಯಿ ಮರಗಮ್ಮ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಾರೆ. ನನ್ನ ಮಗಳು ಮತ್ತು ಅನಸೂಯಾ ಒಂದೇ ಮೈದಾನದಲ್ಲಿ ಜಿಗಿಯಲು ಕಲಿತವರು. ಹೋಟೆಲಿನವನ ಮಗಳು ಆ ಕಳವಾ ಮೈದಾನಕ್ಕೇಕೆ ಹೋದಳು ಎಂಬುದಕ್ಕೂ ನಿಮ್ಮ ಇಲಾಖೆಯೇ ಕಾರಣ. ನಮ್ಮ ಕಡೆ ಒಂದು ದೊಡ್ಡ ಕ್ರೀಡಾಂಗಣವಿದೆ. ಅದರ ಬಾಗಿಲಲ್ಲಿ ಓಡುತ್ತಿರುವ ಹುಡುಗಿಯ ಕಂಚುಬಣ್ಣದ ಪ್ರತಿಮೆ, ಅದರ ಸುತ್ತ ಬಣ್ಣಬಣ್ಣದ ದೀಪ, ಪಕ್ಕದಲ್ಲಿ ಸೆಲ್ಫಿ ತೆಗೆಯಲು ಕಟ್ಟೆ. ಗಣ್ಯರು ಕೂರುವ ಕಡೆ ಎ.ಸಿ. ಇದೆ. ಒಳಗೆ ಹೈ ಜಂಪ್ ಮಾಡುವವರು ಬೀಳುವ ದಪ್ಪ ಮ್ಯಾಟ್ ಕೂಡ ಇದೆ, ಆದರೆ ಅದು ಉಗ್ರಾಣದಲ್ಲಿ ಬೀಗ ಹಾಕಿಕೊಂಡು ಮಲಗಿದೆ. ಹೊರಗಿಟ್ಟರೆ ಹಾಳಾಗುತ್ತದಂತೆ! ಮೈದಾನ ಮಾತ್ರ ಮದುವೆಗೆ, ಸೀರೆ ಪ್ರದರ್ಶನಕ್ಕೆ, ಯಾರದೋ ಹುಟ್ಟುಹಬ್ಬಕ್ಕೆ ಸದಾ ತೆರೆದಿರುತ್ತದೆ. ಕಂಚಿನ ಹುಡುಗಿ ಓಡಲಿ, ಮಾಂಸದ ಹುಡುಗಿಯರು ಹೊರಗೆ ನಿಲ್ಲಲಿ ಎಂಬುದು ನಮ್ಮ ಕ್ರೀಡಾನೀತಿಯೇ?

ಕಳವಾದಲ್ಲಿ ಮನೀಶ್ ಎಂಬ ಒಬ್ಬ ಶಾಲಾಮಾಸ್ತರರು ಬೆಳಗಿನ ಹೊತ್ತು ಮಕ್ಕಳಿಗೆ ಜಿಗಿತ ಕಲಿಸುತ್ತಾರೆ. ಅವರ ಮೈದಾನದ ಮ್ಯಾಟ್ ಎಂದರೆ ಹಳೆಯ ಹಾಸಿಗೆಗಳನ್ನು ಒಂದರ ಮೇಲೊಂದಿಟ್ಟು, ಲಾರಿಯ ತಾಡಪತ್ರಿ ಸುತ್ತಿ, ಹಗ್ಗ ಬಿಗಿದದ್ದು. ಆ ತಾಡಪತ್ರಿ ತಂದುಕೊಟ್ಟವರು ಜಟ್ಟೆಪ್ಪ. ಪ್ರಣೀತಾ ಮೊದಲ ವಾರ ಹೆದರಿ ಅತ್ತಿದ್ದಳು. ಹೈ ಜಂಪಿನಲ್ಲಿ ಓಡಿ ಬಂದು, ತಿರುಗಿ, ಬೆನ್ನು ಮೊದಲಾಗಿ ಕೋಲನ್ನು ದಾಟಬೇಕು. ಬೀಳುವ ಜಾಗ ಕಣ್ಣಿಗೆ ಕಾಣುವುದಿಲ್ಲ. ಆ ಹೆದರಿಕೆ ಬಿಡಿಸಿದವಳು ಅನಸೂಯಾ. ಇವಳ ಪಕ್ಕದಲ್ಲಿ ನಿಂತು, ಇವಳ ಸೊಂಟಕ್ಕೆ ಕೈ ಕೊಟ್ಟು, "ವರ್ ಬಘ್ ಗ, ಖಾಲೀ ನಕೋ ಬಘೂ," ಮೇಲೆ ನೋಡು, ಕೆಳಗೆ ನೋಡಬೇಡ ಎಂದು ಮತ್ತೆ ಮತ್ತೆ ಬೀಳಿಸುತ್ತಿದ್ದಳಂತೆ. ಇಬ್ಬರೂ ತಮ್ಮ ತಮ್ಮ ಅಪ್ಪಂದಿರ ಕನ್ನಡಕ್ಕೆ ನಗುತ್ತಿದ್ದರು. ತಮ್ಮೊಳಗೆ ಮರಾಠಿ, ಜಗಳವಾದರೆ ಹಿಂದಿ. ಭಾನುವಾರ ಅನಸೂಯಾ ನಮ್ಮ ಮನೆಯಲ್ಲಿ ಉಂಡು ಹೋಗುತ್ತಿದ್ದಳು. ಮರಗಮ್ಮ ಕಳಿಸಿದ ಶೇಂಗಾ ಚಟ್ನಿಯ ಡಬ್ಬಿ ನಮ್ಮ ಅಡುಗೆಮನೆಯಲ್ಲಿ ಈಗಲೂ ಇದೆ.

ಆಯ್ಕೆಯ ದಿನ ನವಿಮುಂಬಯಿಯ ಮೈದಾನದಲ್ಲಿ ಏನಾಯಿತೆಂದು ನಿಮಗೆ ನೆನಪಿಸುವ ಅಗತ್ಯವಿಲ್ಲ, ನೀವು ನೆರಳಿನಲ್ಲಿ ಮೊದಲ ಸಾಲಿನಲ್ಲಿದ್ದಿರಿ. ಓದುಗರಿಗಾಗಿ ಹೇಳುತ್ತೇನೆ. ಉದ್ಘಾಟಕರು ಬರುವುದು ತಡವಾಯಿತು. ಅಲ್ಲಿಯವರೆಗೆ ಮಕ್ಕಳನ್ನು ಬಿಸಿಲಿನಲ್ಲಿ ಎರಡು ಸಾಲಾಗಿ ನಿಲ್ಲಿಸಿ, ಕೈಯಲ್ಲಿ ಚೆಂಡುಹೂವಿನ ಎಸಳು ಕೊಟ್ಟಿದ್ದರು. ಕ್ರೀಡಾಪಟುಗಳ ತೋಳು ಹೂವೆರಚಲು ಎಷ್ಟು ಬಲವಾಗಿದೆ ಎಂಬುದು ಬಹುಶಃ ಪರೀಕ್ಷೆಯ ಮೊದಲ ಭಾಗ. ಆಮೇಲೆ ಜಿಗಿತ ಶುರುವಾಯಿತು. ಕೋಲು ಏರುತ್ತ ಹೋದಂತೆ ಒಬ್ಬೊಬ್ಬರಾಗಿ ಹಿಂದೆ ಬಿದ್ದರು, ಕೊನೆಗೆ ಉಳಿದವರು ನಮ್ಮ ಈ ಇಬ್ಬರು.

ನಾನೂ ಜಟ್ಟೆಪ್ಪನೂ ಬೇಲಿಯ ಹತ್ತಿರ ನಿಂತಿದ್ದೆವು. ಅವರು ಆ ದಿನದ ಹೇರುವ ಕೆಲಸ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಕೋಲನ್ನು ಮತ್ತೆ ಏರಿಸಿದರು. ಪ್ರಣೀತಾ ಮೂರು ಸಲವೂ ತಾಗಿಸಿ ಕೆಡವಿದಳು. ಮೂರನೆಯ ಸಲ ಅವಳ ಹಿಮ್ಮಡಿಗೆ ತಾಗಿ ಕೋಲು ಬಿದ್ದದ್ದು ನನಗೆ ದೂರದಿಂದಲೇ ಕಂಡಿತು. ಅನಸೂಯಾ ಮೊದಲ ಸಲ ಕೆಡವಿದಳು. ಎರಡನೆಯ ಸಲ ಓಡಿ ಬಂದು ಹಾರಿದವಳು ಮ್ಯಾಟಿನಿಂದ ಎದ್ದಾಗ ಕೋಲು ಸ್ವಲ್ಪವೂ ಅಲುಗದೆ ತನ್ನ ಜಾಗದಲ್ಲೇ ಇತ್ತು. ಮೈದಾನದಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಜಟ್ಟೆಪ್ಪ ತಾವು ಕಂಡದ್ದನ್ನು ನಂಬದೆ ನನ್ನ ಮುಖ ನೋಡಿದರು.

"ಸಾಹುಕಾರ್ರ, ಅಕಿ ದಾಟಿದ್ಲಲ್ರೀ? ನಾ ನೋಡಿದ್ದು ಖರೇ ಅಲ್ರೀ?"

"ದಾಟಿದಳು ಮಾರಾಯ್ರೆ. ನಿಮ್ಮ ಮಗಳು ಗೆದ್ದಳು."

"ನಿಮ್ಮಾಕಿ ಸೋತ್ಲಲ್ರೀ ಮತ್ತ," ಎಂದು ಅವರು ಮುಖ ಸಣ್ಣದು ಮಾಡಿಕೊಂಡರು. ಮಗಳು ಗೆದ್ದ ಗಳಿಗೆಯಲ್ಲಿ ಅವರಿಗೆ ನನ್ನ ಮಗಳ ಚಿಂತೆ.

"ಆಟದಲ್ಲಿ ಸೋಲು ಇರ್ತದೆ. ಅವಳು ಬರುವ ವರ್ಷ ನೋಡ್ತಾಳೆ."

"ಮುಂದ ಏನ್ರೀ? ಸರಕಾರದವ್ರು ಕರಕೊಂಡು ಹೋಗ್ತಾರನ್ರೀ?"

"ಇನ್ನೆಂತ ಜಟ್ಟೆಪ್ಪ? ಊಟ, ವಸತಿ, ಓದು, ಬೂಟು ಎಲ್ಲ ಸರಕಾರದ್ದೇ. ಇಷ್ಟು ಜನರೆದುರು ದಾಟಿದ್ದಾಳೆ. ಇದರಲ್ಲಿ ಯಾರು ಎಂತ ಮಾಡ್ಲಿಕ್ಕೆ ಆಗ್ತದೆ?"

ಮಾನ್ಯರೇ, ಈ ಮಾತು ನನ್ನದು. ಸರಕಾರದ ಪರವಾಗಿ, ನಿಮ್ಮ ಪರವಾಗಿ, ಯಾರೂ ಕೇಳದಿದ್ದರೂ ನಾನು ಕೊಟ್ಟ ಭರವಸೆ. ಆ ಮನುಷ್ಯ ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿ, "ಹೋಟೆಲ್ ಸಾಹುಕಾರ್ರು ಹೇಳ್ಯಾರ, ಎಲ್ಲಾ ಸರಕಾರದ್ದಂತ," ಎಂದು ನನ್ನ ಮಾತನ್ನೇ ದಾಟಿಸಿದರು. ಆ ಕಡೆಯಿಂದ ಮರಗಮ್ಮ ಏನಂದರೋ, ಜಟ್ಟೆಪ್ಪ ಬೇಲಿಗೆ ತಲೆ ಆನಿಸಿ ನಗುತ್ತಲೇ ಇದ್ದರು.

ಮಧ್ಯಾಹ್ನ ಸಂದರ್ಶನವಿತ್ತು. ಜಿಗಿತದ ಆಯ್ಕೆಗೆ ಸಂದರ್ಶನವೇಕೆ ಎಂದು ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಅನಸೂಯಾಳನ್ನು ನಿಮ್ಮ ಸಮಿತಿ ಕೇಳಿದ ಪ್ರಶ್ನೆಗಳು ಇವು: ಬೆಳಿಗ್ಗೆ ಏನು ತಿನ್ನುತ್ತೀ? ಅವಳು "ಚಹಾ, ಪಾವ್" ಎಂದಳು. ನಿನ್ನ ಆಹಾರ ಯಾರು ನೋಡಿಕೊಳ್ಳುತ್ತಾರೆ? "ಆಯಿ", ಅಮ್ಮ ಎಂದಳು. ತಂದೆ ಎಲ್ಲಿಯವರೆಗೆ ಓದಿದ್ದಾರೆ? ಓದಿಲ್ಲ. ಊರಿಗೆ ವಾಪಸು ಹೋಗುವ ವಿಚಾರವಿದೆಯೇ? ಅವಳು ಹುಟ್ಟಿದ್ದೇ ಕಳವಾದಲ್ಲಿ. ಯಾವ ಊರಿಗೆ ಎಂದು ಅವಳೇ ತಿರುಗಿ ಕೇಳಿದಳಂತೆ. ಅದು ಉದ್ಧಟತನವಾಯಿತು. ನನ್ನ ಮಗಳನ್ನು ಕೇಳಿದ ಪ್ರಶ್ನೆ ಒಂದೇ. "ಅಪ್ಪನ ಹೋಟೆಲಿನಲ್ಲಿ ಇವತ್ತು ಏನು ಸ್ಪೆಷಲ್?" ಎಲ್ಲರೂ ನಕ್ಕರು. ಹೊರಗಿನ ಬೆಂಚಿನಲ್ಲಿ ಕೂತಿದ್ದ ಅನಸೂಯಾಗೆ ಆ ನಗು ಕೇಳಿಸಿತು.

ಕೆಲವು ದಿನ ಕಳೆದ ಮೇಲೆ ನಿಮ್ಮ ಕಚೇರಿಯ ಶಂಭು ಹೋಟೆಲಿಗೆ ಬಂದ. "ಅಣ್ಣಾ, ಮಿಠಾಯಿ ಖಿಲಾವ್! ಸಾಹೇಬ್ ಬೋಲೇ, ಪೆಹಲೇ ವಸಂತ ಅಣ್ಣಾ ಕೋ ಬತಾವ್," ಸಿಹಿ ತಿನ್ನಿಸಿ, ಮೊದಲು ನಿಮಗೇ ತಿಳಿಸು ಎಂದರು ಸಾಹೇಬರು ಎನ್ನುತ್ತ ಗಲ್ಲೆಯ ಮುಂದೆಯೇ ನನ್ನನ್ನು ತಬ್ಬಿಕೊಂಡ. ಪ್ರಣೀತಾ ಆಯ್ಕೆಯಾಗಿದ್ದಾಳೆ, ಪಟ್ಟಿ ನಾಳೆ ಹೊರಬೀಳುತ್ತದೆ. ಮಾನ್ಯರೇ, ಆ ಗಳಿಗೆಯಲ್ಲಿ ನನಗೆ ಸಂತೋಷವೇ ಆಯಿತು. ಇದನ್ನು ಮುಚ್ಚಿಟ್ಟರೆ ನಿಮ್ಮ ವಿರುದ್ಧ ಬರೆಯುವ ಹಕ್ಕು ನನಗಿರುವುದಿಲ್ಲ. ಎರಡು ಸ್ಥಾನ ಮಾಡಿರಬೇಕು, ಇಬ್ಬರಿಗೂ ಆಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಶಂಭುವನ್ನು ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾನೆಂದು ಒಳಗೆಲ್ಲೋ ಗೊತ್ತಿತ್ತೇನೋ. ದೊಡ್ಡ ಬಾಣಲೆಯಲ್ಲಿ ಶೀರಾ ಮಾಡಿಸಿ ಗಿರಾಕಿಗಳಿಗೆಲ್ಲ ಹಂಚಿಸಿದೆ.

ಪ್ರಣೀತಾ ಕಾಲೇಜಿನಿಂದ ಬಂದಳು. ಯಾರೋ ಅವಳ ಬಾಯಿಗೂ ಶೀರಾ ತುರುಕಿದರು. ವಿಷಯ ತಿಳಿದು ಅವಳು ಕೇಳಿದ್ದು ಒಂದೇ ಮಾತು: "ಪಪ್ಪಾ, ಅನೂಚಂ ಕಾಯ್?" ಅನಸೂಯಾಳದ್ದೇನು? ನಾನು, "ಅವಳಿಗೂ ಆಗಿರ್ತದೆ," ಎಂದೆ. ಅವಳು ಬಾಯಲ್ಲಿದ್ದುದನ್ನು ಕೈಯಲ್ಲಿ ತೆಗೆದು ವಾಷ್‌ಬೇಸಿನ್ನಿಗೆ ಹಾಕಿ, ಫೋನ್ ಹಿಡಿದು ಹೊರಗೆ ಹೋದಳು. ಬಂದಾಗ ಮುಖ ಕೆಂಪಾಗಿತ್ತು. "ಒಂದೇ ಸೀಟು," ಎಂದಳು. ಆಮೇಲೆ ಸಂದರ್ಶನದಲ್ಲಿ ನಡೆದದ್ದನ್ನು, ಅಲ್ಲಿಯವರೆಗೆ ತಮಾಷೆ ಎಂದುಕೊಂಡಿದ್ದದ್ದನ್ನು, ಅಳುತ್ತ ಹೇಳಿದಳು.

ನಾನು ನಿಮ್ಮ ಕಚೇರಿಗೆ ಬಂದದ್ದು ಮರುದಿನ. ನೀವು ಎದ್ದು ನಿಂತು ಸ್ವಾಗತಿಸಿದಿರಿ. ಏನೋ ತಪ್ಪಾಗಿದೆ ಸರ್, ಗೆದ್ದವಳು ಬೇರೆ ಹುಡುಗಿ ಎಂದೆ. ನೀವು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಿರಿ.

"ವಸಂತರಾವ್, ಹಾರುವುದು ಒಂದು ಭಾಗ ಮಾತ್ರ. ನಾವು ಒಟ್ಟಾರೆ ವ್ಯಕ್ತಿತ್ವ ನೋಡುತ್ತೇವೆ. ಕುಟುಂಬದ ಹಿನ್ನೆಲೆ, ಪೋಷಕರ ಸಹಕಾರ, ಶಿಸ್ತು. ಸರಕಾರ ಇಷ್ಟು ಖರ್ಚು ಮಾಡುವಾಗ ಹುಡುಗಿ ನಿಲ್ಲಬೇಕಲ್ಲ?"

"ಅವಳು ಯಾಕೆ ನಿಲ್ಲುವುದಿಲ್ಲ ಸರ್?"

"ಆ ಜನ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ನಾಲ್ಕು ದಿನ ಕಳೆದರೆ ಮದುವೆ ಮಾಡಿ ಕಳಿಸುತ್ತಾರೆ. ನೀವು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ನಮ್ಮ ಭಾಷೆಯವರಿಗೆ ನಾವು ಮಾಡದೆ ಇನ್ಯಾರು ಮಾಡುತ್ತಾರೆ?"

"ಅವರೂ ಕನ್ನಡದವರೇ ಅಲ್ವಾ ಸರ್? ಬಿಜಾಪುರದ ಕಡೆಯವರು."

ನೀವು ನಕ್ಕಿರಿ. ಕೆಟ್ಟ ನಗುವಲ್ಲ, ಗೆಳೆಯನ ಪೆದ್ದುತನಕ್ಕೆ ನಗುವ ಹಾಗೆ. "ಅವರು ಕೂಲಿ ಜನ, ವಸಂತರಾವ್. ನಾನು ನಮ್ಮವರ ಬಗ್ಗೆ ಹೇಳುತ್ತಿದ್ದೇನೆ."

ಅಲ್ಲಿಗೆ ನನಗೆ ನನ್ನ ಜಾಗ ಎಲ್ಲಿದೆಯೆಂದು ಗೊತ್ತಾಯಿತು. ನೀವು ಎಳೆದ ಗೆರೆಯ ಒಳಗೆ ನಾನಿದ್ದೆ, ಕುರ್ಚಿಯಲ್ಲಿ ಕೂತಿದ್ದೆ. ನನ್ನ ಮಗಳ ವ್ಯಕ್ತಿತ್ವವೆಂದರೆ ನನ್ನ ಹೋಟೆಲು. ಅವಳ ಶಿಸ್ತೆಂದರೆ ನಮ್ಮ ಕರಾವಳಿಯ ಕನ್ನಡ. ಹಾಗಾದರೆ ಆ ಮೈದಾನದಲ್ಲಿ ಎರಡು ಕಂಬ ನಿಲ್ಲಿಸಿ ಕೋಲು ಇಟ್ಟದ್ದೇಕೆ? ಮಕ್ಕಳನ್ನು ಬಿಸಿಲಲ್ಲಿ ಓಡಿಸಿದ್ದೇಕೆ? ತಂದೆಯರನ್ನೇ ಸಾಲಾಗಿ ಕೂರಿಸಿ, ಯಾರು ಎಲ್ಲಿಯವರು, ಏನು ಮಾಡುತ್ತಾರೆ ಎಂದು ಕೇಳಿ ಸ್ಥಾನ ಹಂಚಿಬಿಡಬಹುದಿತ್ತಲ್ಲ? ಸರಕಾರಕ್ಕೂ ಖರ್ಚು ಉಳಿಯುತ್ತಿತ್ತು, ಜಟ್ಟೆಪ್ಪನಿಗೂ ಒಂದು ದಿನದ ಕೆಲಸ. ಈ ಯೋಜನೆಯ ಜಾಹೀರಾತಿನಲ್ಲಿ, 'ಕಟ್ಟಕಡೆಯ ಮಗುವಿನ ಪ್ರತಿಭೆಗೂ ಅವಕಾಶ' ಎಂದು ಅಚ್ಚು ಹಾಕಿಸಿದ್ದೀರಿ. ಕಟ್ಟಕಡೆಯ ಮಗು ಬಂದು ಎಲ್ಲರಿಗಿಂತ ಎತ್ತರಕ್ಕೆ ಹಾರಿದಾಗ, ಅದು ಕಟ್ಟಕಡೆಯದು ಎಂಬ ಕಾರಣಕ್ಕೇ ಬೇಡವಾಯಿತು. ಯೋಜನೆಗೆ ಹಣ ಕೊಡುವ ಸರಕಾರ ಅದು ಹೇಗೆ ಖರ್ಚಾಯಿತೆಂದು ಕೇಳುತ್ತದೆಯೇ ಹೊರತು, ಯಾರು ದಾಟಿದರು, ಯಾರನ್ನು ಕಳಿಸಿದಿರಿ ಎಂದು ಕೇಳುವವರು ಮೇಲೆ ಒಬ್ಬರೂ ಇಲ್ಲ. ಅದು ನಿಮಗೆ ಚೆನ್ನಾಗಿ ಗೊತ್ತಿದೆ.

ಆ ಸಂಜೆಯೇ ಪ್ರಣೀತಾಳನ್ನು ಕರೆದುಕೊಂಡು ಕಳವಾಕ್ಕೆ ಹೋದೆ. ಕಳವಾ ಸೇತುವೆ ಇಳಿಯುವಲ್ಲಿ ನಮಗಿಂತ ಮೊದಲೇ ನನ್ನ ಮಗಳು ಅಲ್ಲಿ ತಲುಪಿದ್ದಳು. ನಮ್ಮ ವಾರ್ಡಿನ ಯಾರೋ ಕಾರ್ಯಕರ್ತರು ಅವಳ ಫೋಟೋ ಹಾಕಿ, "ಹಾರ್ದಿಕ ಅಭಿನಂದನ್" ಎಂದು ದೊಡ್ಡ ಫ್ಲೆಕ್ಸ್ ಕಟ್ಟಿಸಿದ್ದರು. ಜಟ್ಟೆಪ್ಪ ಕೆಲಸಕ್ಕೆ ಹೋಗುವ ದಾರಿ ಅದೇ. ಪ್ರಣೀತಾ ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಅದರ ಕೆಳಗೆ ನಡೆದಳು. ತೆಗೆಸಿ ಎಂದು ಫೋನ್ ಮಾಡಿದ್ದಕ್ಕೆ, ಗಣಪತಿ ಮುಗಿಯಲಿ ಅಣ್ಣಾ, ಆಮೇಲೆ ಹೇಗೂ ತೆಗೆಯುತ್ತೇವೆ ಎಂಬ ಉತ್ತರ ಬಂತು. ಇನ್ನೊಂದು ಕಡೆ ನಮ್ಮ ಕನ್ನಡ ಸಂಘದವರು ಶಾಲು, ಫಲಪುಷ್ಪದ ಸನ್ಮಾನಕ್ಕೆ ದಿನ ಗೊತ್ತು ಮಾಡುತ್ತಿದ್ದಾರೆ. ಬೇಡವೆಂದರೆ ಅದನ್ನು ವಿನಯವೆಂದು ಹೊಗಳುತ್ತಾರೆ.

ಜಟ್ಟೆಪ್ಪ ನಮ್ಮನ್ನು ಕಂಡು ಮಂಚದ ಮೇಲಿದ್ದ ಬಟ್ಟೆ ಸರಿಸಿ ಜಾಗ ಮಾಡಿದರು. "ಬರ್ರಿ ಬರ್ರಿ. ನಿಮ್ಮ ಮಗಳಿಗಿ ಸಿಕ್ತಂತ, ಛಲೋ ಆತ್ರೀ," ಎಂದರು. ಅವರ ಬಾಯಿಂದ ಆ ಮಾತು ಬಂದಾಗ ಎಲ್ಲಿ ನೋಡಬೇಕೆಂದು ನನಗೆ ತಿಳಿಯಲಿಲ್ಲ. ನಾನು ಕೇಳಿಸಿಕೊಂಡದ್ದನ್ನು ಅವರಿಗೆ ಹೇಳಿದೆ. ಒಂದು ಮಾತು ಬಿಟ್ಟು. ನೀವು 'ಕೂಲಿ ಜನ' ಎಂದದ್ದನ್ನು ಹೇಳಲು ನಾಲಿಗೆ ಏಳಲಿಲ್ಲ.

"ನೀವೇನ್ ಮಾಡೀರಿ ಅದಕ್ಕ," ಎಂದರು ಜಟ್ಟೆಪ್ಪ. "ನಿಮ್ಮ ಮ್ಯಾಲ ನಮಗ ಸಿಟ್ಟಿಲ್ರೀ."

ಒಲೆಯ ಮುಂದಿದ್ದ ಮರಗಮ್ಮ ತಿರುಗಿದರು. "ಸಿಟ್ಟಿಲ್ಲಂತ ನೀ ಯಾಕ ಅಂತಿ? ನನಗ ಐತಿ. ಅಂದು ಫೋನ್‌ನ್ಯಾಗ ಹೇಳಿದ್ದು ಯಾರು? ಎಲ್ಲಾ ಸರಕಾರದ್ದು ಅಂತ ಹೇಳಿದ್ದು ಯಾರು? ನಾ ಓಣಿ ತುಂಬಾ ಸಕ್ರಿ ಹಂಚೀನಿ. ಈಗ ಮಂದಿ ಕೇಳತಾರ, ಯಾವಾಗ ಹೋಗ್ತಾಳ ನಿನ್ನ ಮಗಳು ಅಂತ. ಏನ್ ಹೇಳ್ಲಿ?"

"ನಾನೇ ಹೇಳಿದ್ದು ಅಮ್ಮಾ," ಎಂದೆ.

ಅನಸೂಯಾ ಮೇಲಿನ ಅಟ್ಟದಿಂದ ಏಣಿ ಇಳಿದು ಬಂದಳು. ಪ್ರಣೀತಾ ಅವಳ ಕೈ ಹಿಡಿಯಲು ಹೋದಳು, ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದಳು: "ಅಂಕಲ್, ಇಸ್ ಕೀ ಗಲತೀ ನಹೀ ಹೈ, ಮಾಲೂಮ್ ಹೈ. ಲೇಕಿನ್ ಅಬ್ ಮೇರೇ ಕೋ ಜಂಪ್ ನಹೀ ಕರ್ನೇ ಕಾ. ಕ್ಯಾ ಫಾಯದಾ? ಊಪರ್ ಸೇ ಜಾವೋ ತೋ ಭೀ ನೀಚೇ." ಇವಳ ತಪ್ಪಿಲ್ಲವೆಂದು ಗೊತ್ತು, ಆದರೆ ಇನ್ನು ನಾನು ಜಿಗಿಯುವುದಿಲ್ಲ, ಏನು ಪ್ರಯೋಜನ? ಮೇಲಿಂದ ದಾಟಿದರೂ ಕೆಳಗೇ. ಅಷ್ಟು ಹೇಳಿ ಮತ್ತೆ ಏಣಿ ಹತ್ತಿದಳು.

ಈಗ ಅವಳು ಉಲ್ಹಾಸನಗರದಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದಾಳೆ. ಹೊಲಿದ ಪ್ಯಾಂಟಿನ ದಾರದ ತುದಿಗಳನ್ನು ಕತ್ತರಿಸುವ ಕೆಲಸ. ದಿನವಿಡೀ ನೆಲದ ಮೇಲೆ ಕೂತಿರಬೇಕು. ಮನೀಶ್ ಮಾಸ್ತರರು ಎರಡು ಸಲ ಮನೆಗೆ ಹೋಗಿ ಕರೆದರು. ಅವಳು ಹೊರಗೆ ಬರಲಿಲ್ಲ.

ನನ್ನ ಮಗಳು ತನಗೆ ತಿಳಿದ ದಾರಿ ಹಿಡಿದಳು. ಕಳೆದ ಸೋಮವಾರ ನನ್ನನ್ನೂ ಎಳೆದುಕೊಂಡು ನಿಮ್ಮ ಕಚೇರಿಗೆ ಬಂದು, ತನಗೆ ಈ ಸ್ಥಾನ ಬೇಡ, ಅನಸೂಯಾಗೆ ಕೊಡಿ ಎಂದಳು. ನೀವು ಬಹಳ ತಾಳ್ಮೆಯಿಂದ ನಿಯಮ ವಿವರಿಸಿದಿರಿ. ಆಯ್ಕೆಯಾದವರು ಬಿಟ್ಟುಕೊಟ್ಟರೆ ಸ್ಥಾನ ಇನ್ನೊಬ್ಬರಿಗೆ ಹೋಗುವುದಿಲ್ಲ. 'ಅರ್ಹರು ಲಭ್ಯವಿಲ್ಲ' ಎಂದು ಈ ವರ್ಷ ಖಾಲಿ ಉಳಿಯುತ್ತದೆ. ಅನಸೂಯಾ ಕಾಯುವ ಪಟ್ಟಿಯಲ್ಲೂ ಇಲ್ಲ. ಸಮಿತಿ ತಾನೇ ತನ್ನ ನಿರ್ಣಯ ತಪ್ಪೆಂದು ಹೇಳಿದರೆ ಮಾತ್ರ ಬದಲಾಯಿಸಲು ಸಾಧ್ಯ. "ಸಮಿತಿ ಹಾಗೆಲ್ಲ ಹೇಳುವುದಿಲ್ಲಮ್ಮಾ," ಎಂದು ನಕ್ಕಿರಿ. ಆಗ ಅವಳು ಮೇಜಿನ ಮೇಲೆ ಎರಡೂ ಕೈ ಊರಿ ಮರಾಠಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. "ಸರ್, ಮೀ ಹರಲೇ. ಮಲಾ ಹರೂ ದ್ಯಾ." ನಾನು ಸೋತಿದ್ದೇನೆ ಸರ್, ನನ್ನನ್ನು ಸೋಲಲು ಬಿಡಿ.

ಹೊರಗೆ ನಿಂತಿದ್ದ ಶಂಭು ಕೂಡ ತಲೆ ತಗ್ಗಿಸಿದ. ನೀವು ಅವಳಿಗೆ ಒಂದು ಲೋಟ ನೀರು ತರಿಸಿದಿರಿ.

ನನಗೆ ಹದಿನೇಳರ ಮಗಳಿದ್ದಾಳೆ. ಅವಳು ಬೆವರು ಸುರಿಸಿ ಮಾಡಿದ್ದೆಲ್ಲವನ್ನೂ ಈ ಒಂದು ಉಪಕಾರದಿಂದ ನೀವು ಕಿತ್ತುಕೊಂಡಿದ್ದೀರಿ. ಅವಳು ನಿಜಕ್ಕೂ ಒಳ್ಳೆಯ ಜಿಗಿತಗಾರ್ತಿ. ಎರಡನೆಯ ಸ್ಥಾನ ಅವಳದೇ ಗಳಿಕೆ. ಈಗ ಅದೂ ಅವಳದಲ್ಲ. ಮುಂದೆ ಎಲ್ಲಾದರೂ ಗೆದ್ದರೆ, ಅಪ್ಪನ ಹೋಟೆಲಿಗೆ ಯಾರು ಬರುತ್ತಾರೆ ಎಂದು ಜನ ಕೇಳುತ್ತಾರೆ. ಅವಳು ನನ್ನೊಡನೆ ಮಾತು ಬಿಟ್ಟಿಲ್ಲ, ಆದರೆ ಊಟಕ್ಕೆ ಕೂತಾಗ ತಟ್ಟೆಯ ಕಡೆ ಮಾತ್ರ ನೋಡುತ್ತಾಳೆ. ಇನ್ನೊಬ್ಬಳು ದಾರ ಕತ್ತರಿಸುತ್ತಿದ್ದಾಳೆ. ಪೆನ್ನಿನ ಒಂದೇ ಗೀಟಿನಲ್ಲಿ ಇಬ್ಬರನ್ನೂ ಕೆಳಗಿಳಿಸಿದ್ದೀರಿ. ಯಾವ ಕೋಚ್‌ಗೂ ಇಷ್ಟು ವರ್ಷಗಳಲ್ಲಿ ಇದು ಸಾಧ್ಯವಾಗಿರಲಿಕ್ಕಿಲ್ಲ.

ನಿಮ್ಮಲ್ಲಿ ನಾನು ಕೆಟ್ಟ ಮನುಷ್ಯನನ್ನು ಕಾಣಲು ಬಹಳ ಪ್ರಯತ್ನಿಸಿದೆ. ಕಂಡದ್ದು ಬೇರೆ. ನೀವು ನನ್ನಿಂದ ಏನನ್ನೂ ಬಯಸಿರಲಿಲ್ಲ. ಪರಿಚಯದವನ ಮಗಳಿಗೆ ಒಳ್ಳೆಯದಾಗಲಿ ಎಂದಷ್ಟೇ ಮಾಡಿದಿರಿ. ಇನ್ನೊಂದು ಹುಡುಗಿ ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ. ಅವಳು ಎಲ್ಲರೆದುರು ಗಾಳಿಯಲ್ಲಿದ್ದಾಗಲೂ ಬೀಳಲಿಲ್ಲ. ಇದಕ್ಕೆ ಏನು ಶಿಕ್ಷೆ ಕೇಳಬೇಕೆಂದು ನನಗೆ ಗೊತ್ತಿಲ್ಲ, ಶಿಕ್ಷೆ ಕೇಳುವುದೂ ಇಲ್ಲ.

ನಾನು ಕೇಳುವುದು ಇಷ್ಟು. ಹುಡುಗಿಯರ ಹೈ ಜಂಪ್ ಆಯ್ಕೆ ತಪ್ಪಾಗಿತ್ತೆಂದು ನಿಮ್ಮ ಸಮಿತಿ ಬರಹದಲ್ಲಿ ಒಪ್ಪಿಕೊಳ್ಳಲಿ, ನನ್ನ ಮಗಳ ಹೆಸರು ತೆಗೆದು ಅನಸೂಯಾಳ ಹೆಸರು ಹಾಕಲಿ. ಅನುಮಾನವಿದ್ದರೆ ಇಬ್ಬರನ್ನೂ ಮತ್ತೊಮ್ಮೆ ಕರೆಯಿರಿ, ಜನರೆದುರು ಕೋಲು ಇಡಿ. ಪ್ರಣೀತಾ ಬರಲು ಸಿದ್ಧಳಿದ್ದಾಳೆ. ಆಟದ ಆಯ್ಕೆಯಲ್ಲಿ ತಂದೆತಾಯಿಯರ ಬಗ್ಗೆ ಪ್ರಶ್ನೆ ಕೇಳುವುದನ್ನು ನಿಯಮದಿಂದಲೇ ಕಿತ್ತುಹಾಕಿ. ಉಗ್ರಾಣದ ಬೀಗ ತೆಗೆದು ಆ ಮ್ಯಾಟನ್ನು ಮಕ್ಕಳಿಗೆ ಕೊಡಿ. ತರಬೇತಿ ಶುರುವಾಗುವ ಮುನ್ನ ಇದೆಲ್ಲ ಆಗದಿದ್ದರೆ, ನಾನೂ ಮನೀಶ್ ಮಾಸ್ತರರೂ ಕೋರ್ಟಿಗೆ ಹೋಗುತ್ತೇವೆ. ಅಲ್ಲಿ ನನ್ನ ಮಗಳು ತಾನು ಸೋತದ್ದಕ್ಕೆ ತಾನೇ ಸಾಕ್ಷಿ ಹೇಳುತ್ತಾಳೆ.

ಕೊನೆಯದಾಗಿ ಒಂದು. ಅನಸೂಯಾಗೆ ಅವಳು ಆಯ್ಕೆಯಾದ ವಿಷಯವನ್ನು ಶಂಭುವಿನ ಕೈಯಲ್ಲಿ ಹೇಳಿ ಕಳಿಸಬೇಡಿ, ನನ್ನ ಕೈಯಲ್ಲೂ ಬೇಡ. ಆ ಮನೆಯಲ್ಲಿ ನನ್ನ ಮಾತಿಗೆ ಈಗ ಬೆಲೆಯಿಲ್ಲ. ನೀವೇ ಹೋಗಬೇಕು. ಓಣಿಗೆ ಕಾರು ಹೋಗುವುದಿಲ್ಲ, ನಡೆಯಬೇಕಾಗುತ್ತದೆ. ಸಂಜೆ ಹೋಗಿ, ಅವಳು ಕೆಲಸದಿಂದ ಬಂದಿರುತ್ತಾಳೆ. ಅವಳು ಏಣಿ ಇಳಿದು ಬರದೆ ಇರಬಹುದು. ಬರುವವರೆಗೆ ಕೆಳಗೆ ನಿಂತು ಕಾಯಿರಿ.

ಇಂತಿ,
ಯಾರ ಅಭಿನಂದನೆಗೂ ತಲೆ ಎತ್ತಲಾರದ,
ವಸಂತಕುಮಾರ
ಥಾಣೆ